ಸಾರಿನ ಬಕೇಟು, ಹೆಲ್ಮೆಟ್ಟು ಮತ್ತು ಕಾಲೇಜು ಫೀಸು

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಸೋಮಾರಿತನ ಬಿಟ್ಟರೆ ಬೇರೆ ಕಾರಣ ಇಲ್ಲ. ಆದರೆ ಮೊನ್ನೆ ಒಂದು ಶನಿವಾರ ರಾತ್ರಿ ನಡೆದದ್ದು ಮನಸ್ಸಲ್ಲೇ ಕೂತುಬಿಟ್ಟಿದೆ. ಹೇಳಿಬಿಟ್ಟರೆ ಹಗುರ ಆಗಬಹುದು ಅಂತ ಬರೀತಿದ್ದೀನಿ.

ಮನೆಯವಳು ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗಿದ್ದಳು. ಅನ್ನ ಮಾಡ್ಕೊಂಡು ಉಪ್ಪಿನಕಾಯಲ್ಲಿ ತಿನ್ನೋಣ ಅಂದ್ಕೊಂಡವನು, ಟೀವಿ ಮುಂದೆ ಕೂತು ಹತ್ತೂವರೆ ಮಾಡಿಬಿಟ್ಟೆ. ಕೊನೆಗೆ ಮೊಬೈಲಲ್ಲಿ ಒತ್ತಿ ಎರಡು ಪರೋಟ ತರಿಸಿದೆ. ಬೆಲ್ ಆಯ್ತು. ಬಾಗಿಲು ತೆಗೆದರೆ ಹುಡುಗ ಹೆಲ್ಮೆಟ್ ತೆಗೆಯದೆ, ಗಾಜೂ ಎತ್ತದೆ, ಪೊಟ್ಟಣ ಮುಂದೆ ಚಾಚಿ ನಿಂತಿದ್ದ. ತಗೊಂಡೆ. "ಥ್ಯಾಂಕ್ಸ್ ಕಣಪ್ಪ" ಅಂದೆ. ಮಾತಿಲ್ಲ. ಸರಸರ ತಿರುಗಿ ಹೊರಟ. ಆ ನಡಿಗೆ ನೋಡಿದ್ರೆ ಗೊತ್ತಿರೋ ನಡಿಗೆ! ಹಿಂದಿನ ಕ್ರಾಸಿನ ಅಣ್ಣನ ಮಗ. ಅವನು ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದಾಗಿಂದ ನೋಡಿದ್ದೀನಿ. ಈಗ ಕೊನೇ ವರ್ಷದ ಬಿ.ಕಾಂ.

"ಏನ್ಲಾ, ನೀನಾ?" ಅಂದೆ.

ನಿಂತ. ಹೆಲ್ಮೆಟ್ ತೆಗೀಲಿಲ್ಲ. ಒಳಗಿಂದ ಧ್ವನಿ ಬಂತು: "ಅಂಕಲ್, ಅಪ್ಪನಿಗೆ ಹೇಳ್ಬೇಡಿ. ಕಂಬೈನ್ಡ್ ಸ್ಟಡಿ ಅಂತ ಹೇಳಿ ಬಂದಿದ್ದೀನಿ."

(ಅಂಕಲ್ ಅಂದದ್ದಕ್ಕೆ ಬೇಜಾರಾಯ್ತು ಅನ್ನೋದು ಬೇರೆ ವಿಷಯ. ಅದಕ್ಕೊಂದು ದಿನ ಬೇರೆ ಬರೀತೀನಿ.)

ಬೈಕ್ ಹೊರಟುಹೋಯ್ತು. ಪರೋಟ ಗಂಟಲಲ್ಲಿ ಇಳೀಲಿಲ್ಲ. ಯಾಕಂದ್ರೆ ಹಾಗೆ ಮುಖ ಮುಚ್ಚಿಕೊಂಡು ನಿಲ್ಲೋದು ನನಗೂ ಗೊತ್ತು. ನನ್ನ ಕಾಲಕ್ಕೆ ಹೆಲ್ಮೆಟ್ ಇರಲಿಲ್ಲ, ಸಾರಿನ ಬಕೇಟು ಇತ್ತು.

*

ಮೈಸೂರಿನವರಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ನಮ್ಮದು ಕುಂಬಾರಕೊಪ್ಪಲು. ಮೈಸೂರಿನ ಸುತ್ತ ಇಂಥ ಕೊಪ್ಪಲುಗಳು ಇದ್ದವು. ಊರು ಬೆಳೆದು ಬೆಳೆದು ಅವನ್ನೆಲ್ಲ ನುಂಗಿತು. ಹೆಸರು ಮಾತ್ರ ಉಳೀತು. ಒಂದು ಕಡೆ ಗೋಕುಲಂ, ಇನ್ನೊಂದು ಕಡೆ ಮೇಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳು. ಗೋಕುಲಂನಲ್ಲಿ ಯೋಗ ಕಲಿಯೋಕೆ ಬಂದ ವಿದೇಶಿಯರು ಎಳನೀರು ಕುಡೀತಾ ನಿಂತಿರ್ತಾರೆ. ನಮ್ಮ ಕಡೆ ಫಸ್ಟ್ ಶಿಫ್ಟ್‌ಗೆ ಹೊರಟವರು ಟಿಫನ್ ಕ್ಯಾರಿಯರ್ ಹಿಡ್ಕೊಂಡು ನಿಂತಿರ್ತಾರೆ. ನಡುವೆ ಇರೋದು ನಾಲ್ಕು ರಸ್ತೆ.

ನಮ್ಮಪ್ಪ ಮೇಟಗಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಇದ್ದರು. ನಾನು ಬಿ.ಕಾಂ. ಸೇರಿದ್ದು 2002ರಲ್ಲಿ. ಮನೇಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು. ಫೀಸು, ಪುಸ್ತಕ, ಪರೀಕ್ಷೆ ಫೀಸು... ಒಂದೊಂದೂ ಮನೇಲಿ ಒಂದೊಂದು ಸಣ್ಣ ಜಗಳ. ಅದಕ್ಕೇ ನಾನೇ ದುಡೀತೀನಿ ಅಂತ ಹೊರಟೆ.

ಮೊದಲು ಪೇಪರ್ ಹಾಕಿದೆ. ಬೆಳಗ್ಗೆ ನಾಲ್ಕೂವರೆಗೆ ಒಂಟಿಕೊಪ್ಪಲಿನ ಒಂದು ಅಂಗಡಿ ಜಗಲಿ ಮೇಲೆ ಕೂತು ಪುರವಣಿ ಸೇರಿಸೋದು, ಲೈನು ಪ್ರಕಾರ ಜೋಡಿಸೋದು, ಆರೂವರೆಯೊಳಗೆ ಹಾಕಿ ಮುಗಿಸೋದು. ಮೈಸೂರಿನ ಪೇಪರ್ ಹುಡುಗರಿಗೆ ಇನ್ನೊಂದು ಅನುಕೂಲ, ಸಂಜೆ 'ಸ್ಟಾರ್ ಆಫ್ ಮೈಸೂರ್' ಹಾಕಿ ಇನ್ನೊಂದಿಷ್ಟು ಸಂಪಾದಿಸಬಹುದಿತ್ತು. ಮಳೆಗಾಲದಲ್ಲಿ ಪೇಪರ್ ನೆನೆದ್ರೆ ಬೈಗುಳ, ನಾವು ನೆನೆದ್ರೆ ಯಾರೂ ಕೇಳ್ತಿರಲಿಲ್ಲ.

ಆಮೇಲೆ ಬೀದಿಯ ಮಕ್ಕಳಿಗೆ ಟ್ಯೂಷನ್. ಒಬ್ಬೊಬ್ಬರಿಗೆ ತಿಂಗಳಿಗೆ ಎಪ್ಪತ್ತೈದು ರೂಪಾಯಿ. ಅದರಲ್ಲಿ ಇಬ್ಬರು ದುಡ್ಡಿನ ಬದಲು ಹಾಲು ಕೊಡ್ತಿದ್ದರು. ದಸರಾ ಬಂದರೆ ವಸ್ತುಪ್ರದರ್ಶನದಲ್ಲಿ ಯಾವುದಾದರೂ ಮಳಿಗೆಯಲ್ಲಿ ಸಂಜೆ ನಿಲ್ಲೋದು. ಒಂದು ವರ್ಷ ಚಪಾತಿ ಒತ್ತುವ ಯಂತ್ರ ಮಾರಿದೆ. ದಿನಕ್ಕೆ ಐವತ್ತು ಸಲ ಒತ್ತಿ ತೋರಿಸಿ, ಒಂದು ಮಾರೋದು! ಯಾದವಗಿರಿಯ ಆಕಾಶವಾಣಿಯಲ್ಲಿ ಯುವವಾಣಿಗೆ ಒಂದು ಭಾಷಣ ಓದಿದ್ದಕ್ಕೆ ಚೆಕ್ ಬಂತು. ಜೀವನದ ಮೊದಲ ಚೆಕ್. ಹಾಕೋಕೆ ಬ್ಯಾಂಕ್ ಖಾತೆ ಇರಲಿಲ್ಲ. ಖಾತೆ ತೆಗೆಯೋಕೆ ಬೇಕಾದ ದುಡ್ಡು ಕೂಡಿಸೋ ಹೊತ್ತಿಗೆ ಚೆಕ್ಕಿನ ಅವಧಿ ಮುಗಿಯೋಕೆ ಒಂದು ವಾರ ಬಾಕಿ.

ಆದರೆ ನಿಜವಾದ ದುಡ್ಡು ಇದ್ದದ್ದು ಛತ್ರಗಳಲ್ಲಿ. ಮದುವೆ ಮನೇಲಿ ಬಡಿಸೋ ಕೆಲಸ. ಮೈಸೂರಲ್ಲಿ ಓದಿದ ಎಷ್ಟೋ ಹುಡುಗರು ಇದನ್ನ ಮಾಡಿದ್ದಾರೆ, ಹೇಳ್ಕೊಳ್ಳೋರು ಕಡಿಮೆ. ಅಡುಗೆ ಕಂಟ್ರಾಕ್ಟರ್ ಭಟ್ಟರ ಹತ್ತಿರ ಬಡ್ತಿಯ ಕ್ರಮ ಇತ್ತು. ಹೊಸಬ ಆದ್ರೆ ಎಲೆ ಹಾಕಿ, ನೀರು ಬಿಟ್ಟು, ಉಪ್ಪು ಉಪ್ಪಿನಕಾಯಿ ಬಡಿಸಬೇಕು. ಆಮೇಲೆ ಪಲ್ಯ, ಕೋಸಂಬರಿ. ಆಮೇಲೆ ಸಾರು, ಹುಳಿ. ತುಪ್ಪದ ಗಿಂಡಿ ಮಾತ್ರ ಎರಡು ವರ್ಷ ಆದ್ರೂ ನಮ್ಮ ಕೈಗೆ ಕೊಡ್ತಿರಲಿಲ್ಲ. "ನಿಮ್ಮ ಕೈ ಧಾರಾಳ ಕಣ್ರಯ್ಯ, ನನ್ನ ಮನೆ ಮುಳುಗಿಸ್ತೀರ" ಅನ್ನೋರು. ರಾತ್ರಿ ಆರತಕ್ಷತೆ, ಬೆಳಗ್ಗೆ ತಿಂಡಿ, ಮಧ್ಯಾಹ್ನ ಊಟ, ಮೂರೂ ಸೇರಿದ್ರೆ ಮುನ್ನೂರು ರೂಪಾಯಿ. ಜೊತೆಗೆ ಉಳಿದ ಹೋಳಿಗೆ.

ಎರಡನೇ ವರ್ಷದಲ್ಲಿ ಒಂದು ಮದುವೆ. ಸಾರಿನ ಬಕೇಟು ಹಿಡಿದು ಪಂಕ್ತಿಗೆ ಇಳಿದೆ. ನಾಲ್ಕು ಎಲೆ ಮುಗಿದಿದೆ, ಐದನೇದು ನಮ್ಮ ಕ್ಲಾಸಿನ ಹುಡುಗಿ. ಪಕ್ಕದಲ್ಲಿ ಇನ್ನೂ ಆರು ಜನ ನಮ್ಮ ಕ್ಲಾಸಿನವರೇ. ಮದುವೆ ಅವಳ ಅಕ್ಕಂದಂತೆ. ನನ್ನನ್ನ ಬಿಟ್ಟು ಎಲ್ಲರನ್ನೂ ಕರೆದಿದ್ದಳೋ, ನನ್ನನ್ನೂ ಕರೆದು ನಾನೇ ಮರೆತಿದ್ದೆನೋ, ಈಗ ನೆನಪಿಲ್ಲ. ಕಾಲು ಕಿತ್ತಿಡೋಕೆ ಆಗಲಿಲ್ಲ. ಬಕೇಟನ್ನ ಎದೆಮಟ್ಟಕ್ಕೆ ಎತ್ತಿ ಮುಖ ಅದರ ಹಿಂದೆ ಮಾಡ್ಕೊಂಡು ಹಿಂದೆ ಹಿಂದೆ ಸರಿದೆ. ಕುದಿ ಸಾರು ಕೈ ಮೇಲೆ ಚೆಲ್ಲಿತು. ಬಲಗೈ ಮಣಿಕಟ್ಟಿನ ಹತ್ತಿರ ಆ ಗುರುತು ಈಗಲೂ ಇದೆ. ಯಾರಾದ್ರೂ ಕೇಳಿದ್ರೆ ಪಟಾಕಿ ಅಂತೀನಿ.

ಸೋಮವಾರ ಕಾಲೇಜಲ್ಲಿ ಅವಳೇ ಬಂದು, "ಯಾಕೋ ಮಾತಾಡಿಸ್ದೆ ಹೋಗ್ಬಿಟ್ಟೆ? ಅಮ್ಮ ನಿನಗೂ ಊಟ ಹಾಕ್ತೀನಿ ಅಂತ ಹುಡುಕ್ತಿದ್ರು" ಅಂದಳು. ಅಷ್ಟೇ. ನಾನು ಸುಟ್ಟುಕೊಂಡಿದ್ದು ಯಾವುದಕ್ಕೆ?

*

ಆದರೆ ಸಾರು ಸುಟ್ಟಿದ್ದು ಸಣ್ಣದು. ದೊಡ್ಡದು ಬೇರೆ ಇದೆ.

ಮದುವೆ ಬಡಿಸೋ ಸಂಪಾದನೆಯಲ್ಲಿ ಒಂದು ತಮಾಷೆ ಇದೆ. ಲಗ್ನಗಳೆಲ್ಲ ಬರೋದು ಏಪ್ರಿಲ್-ಮೇನಲ್ಲಿ. ಸರಿಯಾಗಿ ಪರೀಕ್ಷೆ ಹೊತ್ತಿಗೆ. ಆಮೇಲೆ ಆಷಾಢ. ಒಂದು ಮದುವೆ ಇಲ್ಲ, ಒಂದು ಗೃಹಪ್ರವೇಶ ಇಲ್ಲ. ಕಾಲೇಜಿನವರು ಫೀಸು ಕೇಳೋದು ಯಾವಾಗ? ಅದೇ ಜೂನ್-ಜುಲೈನಲ್ಲಿ! ವೈಶಾಖದಲ್ಲಿ ದುಡಿದದ್ದು ಆಷಾಢದವರೆಗೆ ಉಳೀತಾನೇ ಇರಲಿಲ್ಲ. ಮನೇಲಿ ಯಾರಿಗಾದ್ರೂ ಜ್ವರ, ಯಾವುದಾದ್ರೂ ಬಾಕಿ. ಕೈ ಖಾಲಿ.

ಎರಡನೇ ವರ್ಷದ ಫೀಸಿಗೆ ಅಮ್ಮ ಕಿವಿಯ ಓಲೆ ಬಿಚ್ಚಿ ಗಿರವಿ ಅಂಗಡಿಗೆ ಕೊಟ್ಟರು. "ದೀಪಾವಳಿಗೆ ಬಿಡಿಸ್ಕೊಂಡ್ರಾಯ್ತು" ಅಂದ್ರು. ಆ ದೀಪಾವಳಿಗೆ ಆಗಲಿಲ್ಲ. ಮುಂದಿನದಕ್ಕೂ ಆಗಲಿಲ್ಲ. ಬಡ್ಡಿ ಬೆಳೆದು ಓಲೆ ಮುಳುಗಿತು. ಅಮ್ಮ ಆಮೇಲೆ ಬೇವಿನಕಡ್ಡಿ ಸಿಕ್ಕಿಸ್ಕೊಂಡು ಓಡಾಡಿದ್ದು ನನಗೆ ಗೊತ್ತು. ನಾನು ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ ಓಲೆ ತಂದುಕೊಟ್ಟೆ. ಹಾಕ್ಕೊಂಡ್ರು. ಆದರೆ ಅದು ಅವರಮ್ಮ ಕೊಟ್ಟ ಓಲೆ ಅಲ್ಲವಲ್ಲ...

ಇದರಲ್ಲಿ ನನ್ನ ಹೊಟ್ಟೆ ಉರಿಸೋದು ಬಡತನ ಅಲ್ಲ. ಆ ಓಲೆ ಹೋಗಬೇಕಾಗಿರಲಿಲ್ಲ ಅನ್ನೋದು. ನಮ್ಮದು ಹಿಂದುಳಿದ ವರ್ಗದ ಪಟ್ಟಿಯಲ್ಲಿರೋ ಜಾತಿ. ಅಪ್ಪನ ಸಂಬಳ ಮಿತಿಯೊಳಗೇ ಇತ್ತು. ಸ್ಕಾಲರ್‌ಶಿಪ್ ಫಾರಂ ಕಾಲೇಜಿನಲ್ಲೇ ಕೊಡ್ತಿದ್ದರು. ಬೇಕಾಗಿದ್ದದ್ದು ತಾಲ್ಲೂಕು ಕಚೇರಿಯಿಂದ ಜಾತಿ ಮತ್ತು ಆದಾಯದ ಸರ್ಟಿಫಿಕೇಟು. ಅಪ್ಪ ಬರಲಿಲ್ಲ.

"ನಾವೇನು ತಿರ್ಕೊಂಡು ತಿನ್ನೋರಾ? ಬಡವ ಅಂತ ಕಾಗದದ ಮೇಲೆ ಬರೆಸ್ಕೊಂಡು ಬಾ ಅಂತೀಯಾ? ನನ್ನ ಕೈ ಗಟ್ಟಿ ಇದೆ ಕಣೋ."

ಆ ಕೈಯಲ್ಲಿ ಒಂದು ಬೆರಳಿನ ತುದಿ ಲೇತಿಗೆ ಹೋಗಿತ್ತು. ಅದರ ಮುಂದೆ ನಾನು ಏನು ವಾದ ಮಾಡಲಿ? ಫಾರಂ ಮಡಿಚಿ ಪುಸ್ತಕದೊಳಗೆ ಇಟ್ಟೆ. ಮುಂದಿನ ವರ್ಷವೂ ಅಷ್ಟೇ. ಅಪ್ಪ ಸರ್ಟಿಫಿಕೇಟು ಬೇಡ ಅಂದ್ರು, ನಾನು ಬಕೇಟಿನ ಹಿಂದೆ ಮುಖ ಮುಚ್ಚಿಕೊಂಡೆ. ಇಬ್ಬರದೂ ಒಂದೇ ರೋಗ. ಆ ನಾಚಿಕೆಯ ಬಿಲ್ಲು ಕಟ್ಟಿದ್ದು ಅಮ್ಮ.

*

ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು, ನಮ್ಮ ಮೈಸೂರು ಬೆಳೆದದ್ದೇ ಇನ್ನೊಬ್ಬರ ನೆರವಲ್ಲಿ ಓದಿದ ಹುಡುಗರಿಂದ. ವಾರಾನ್ನ ಅಂತಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆ ಹಿಡ್ಕೊಂಡು ಓದು ಮುಗಿಸೋದು. ಎಸ್.ಎಲ್. ಭೈರಪ್ಪನವರು ವಿದ್ಯಾರ್ಥಿಯಾಗಿ ಪಟ್ಟ ಪಾಡನ್ನ 'ಭಿತ್ತಿ'ಯಲ್ಲಿ ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾರೆ. ಕುವೆಂಪು ಮಹಾರಾಜಾ ಕಾಲೇಜಿನಲ್ಲಿ ಓದುವಾಗ ಇದ್ದದ್ದು ರಾಮಕೃಷ್ಣಾಶ್ರಮದಲ್ಲಿ. ಎಂ. ವೆಂಕಟಕೃಷ್ಣಯ್ಯನವರು, ಅಂದ್ರೆ ನಮ್ಮ ತಾತಯ್ಯ, ಗತಿಯಿಲ್ಲದ ಹುಡುಗರಿಗಾಗಿ ಅನಾಥಾಲಯ ಕಟ್ಟಿದರು.

ನಮ್ಮ ಪಕ್ಕದ ಗೋಕುಲಂನ ಕಥೆಯನ್ನೇ ನೋಡಿ. ಇವತ್ತು ಅಲ್ಲಿ ಕೆಫೆಗಳು, ಬಾಡಿಗೆ ಸ್ಕೂಟರುಗಳು, ವಿದೇಶಿಯರು ತುಂಬಿರೋದು ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದಿಂದ. ಅವರು ಹುಟ್ಟಿದ್ದು 1915ರಲ್ಲಿ, ಹಾಸನದ ಹತ್ತಿರದ ಕೌಶಿಕದಲ್ಲಿ. ಸಂಸ್ಕೃತ ಓದಬೇಕು ಅಂತ ಇನ್ನೂ ಹುಡುಗನಾಗಿದ್ದಾಗಲೇ ಮನೇಲಿ ಹೇಳದೆ ಮೈಸೂರಿಗೆ ಬಂದಾಗ ಜೇಬಲ್ಲಿ ಇದ್ದದ್ದು ಎರಡು ರೂಪಾಯಿ ಅಂತ ಹೇಳ್ತಾರೆ. ಭಿಕ್ಷೆ ಎತ್ತಿ ಓದಿದರು. ಆಮೇಲೆ ಅವರ ಯೋಗ ನೋಡಿದ ನಾಲ್ವಡಿಯವರು ವಿದ್ಯಾರ್ಥಿವೇತನ ಕೊಡಿಸಿದರು. 2009ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಎಷ್ಟೋ ದೇಶಗಳಲ್ಲಿ ಶಿಷ್ಯರಿದ್ದರು. ಎರಡು ರೂಪಾಯಿಯ ಹುಡುಗನಿಂದ ಇವತ್ತು ನಮ್ಮ ಬಡಾವಣೆಯ ಎಷ್ಟು ಮನೆಗಳಿಗೆ ಬಾಡಿಗೆ ಬರ್ತಿದೆ ಲೆಕ್ಕ ಹಾಕಿ!

ಹಾಗಂತ ಹಳೇ ಕಾಲ ಚಿನ್ನ ಅಂತ ನಾನು ಹೇಳಲ್ಲ. ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಅದಕ್ಕೇ ಒಂದೊಂದು ಸಮುದಾಯವೂ ಹಾಸ್ಟೆಲ್ ಕಟ್ಟಿಕೊಳ್ಳಬೇಕಾಯ್ತು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದಲ್ಲಿ ಮೈಸೂರಲ್ಲಿ ಉಚಿತ ವಿದ್ಯಾರ್ಥಿನಿಲಯ ಶುರುಮಾಡಿದರು. ಆಮೇಲೆ ಸರ್ಕಾರಿ ಹಾಸ್ಟೆಲುಗಳು, ಸ್ಕಾಲರ್‌ಶಿಪ್ಪುಗಳು. ವಾರಾನ್ನ ಕೊಡೋ ಮನೆಯವರ ದಯೆ ಮೇಲೆ ನಿಂತಿತ್ತು. ಸ್ಕಾಲರ್‌ಶಿಪ್ ಹಾಗಲ್ಲ, ಅದು ಹಕ್ಕು. ದಯೆ ತಗೊಂಡವರು ಆತ್ಮಕಥೆಯಲ್ಲಿ ಬರ್ಕೊಂಡ್ರು, ಹಕ್ಕು ಕೇಳೋಕೆ ನಮಗೆ ನಾಚಿಕೆ! ಇದೇನು ವಿಚಿತ್ರ?

*

ಸರಿ, ಹುಡುಗನ ವಿಷಯಕ್ಕೆ ಬರೋಣ. ಮಾರನೇ ದಿನ ಭಾನುವಾರ, ಸಂಜೆ ಅವನನ್ನ ಜಗಲಿ ಮೇಲೆ ಕೂರಿಸ್ಕೊಂಡೆ. ಬಿ.ಕಾಂ. ಓದೋನಲ್ವಾ, ಲೆಕ್ಕ ಬರೆಯೋ ಅಂದೆ. ಬರೆದ.

ತಿಂಗಳಿಗೆ ಬರೋದು 14,000. ಪೆಟ್ರೋಲು 4,500. ಬೈಕಿನ ಕಂತು 3,200. ಸರ್ವಿಸ್, ಮೊಬೈಲ್ ರೀಚಾರ್ಜ್ 800. ಉಳಿಯೋದು 5,500. ದಿನಕ್ಕೆ ಐದು ಗಂಟೆ, ತಿಂಗಳಿಗೆ ಇಪ್ಪತ್ತಾರು ದಿನ. 130 ಗಂಟೆ.

ಭಾಗಿಸಿ ನೋಡಿ ಅವನೇ ಸುಮ್ಮನಾದ. ಗಂಟೆಗೆ ನಲವತ್ತೆರಡು ರೂಪಾಯಿ.

"ಬೈಕು ಯಾಕೋ ತಗೊಂಡೆ?"

"ಡೆಲಿವರಿ ಮಾಡಕ್ಕೆ."

"ಡೆಲಿವರಿ ಯಾಕೋ ಮಾಡ್ತಿದ್ದೀಯಾ?"

"ಫೀಸಿಗೆ... ಮತ್ತೆ ಬೈಕಿನ ಕಂತಿಗೆ." ಅವನೇ ನಕ್ಕುಬಿಟ್ಟ.

ನಗು ನಿಂತಮೇಲೆ ನಿಜವಾದ ವಿಷಯ ಹೊರಗೆ ಬಂತು. ರಾತ್ರಿ ಒಂದು ಗಂಟೆಗೆ ಮಲಗ್ತಾನೆ, ಬೆಳಗಿನ ಮೊದಲೆರಡು ಕ್ಲಾಸು ಹೋಗಿಯೇ ಇಲ್ಲ. ಹಾಜರಿ ಅರವತ್ತೊಂದು ಪರ್ಸೆಂಟು. ಎಪ್ಪತ್ತೈದು ಇಲ್ಲದಿದ್ರೆ ಪರೀಕ್ಷೆಗೆ ಕೂರಿಸಲ್ಲ ಅಂತ ನೋಟೀಸು ಹಾಕಿದ್ದಾರೆ. ಅಂದ್ರೆ ಫೀಸು ಕಟ್ಟೋಕೆ ದುಡೀತಾ ದುಡೀತಾ, ಫೀಸು ಕಟ್ಟಿದ ವರ್ಷವೇ ಕೈತಪ್ಪಿ ಹೋಗ್ತಿದೆ.

"ಸ್ಕಾಲರ್‌ಶಿಪ್ ಹಾಕಿದ್ಯೇನೋ?"

ತಲೆ ತಗ್ಗಿಸಿದ. "ಅಪ್ಪ ಇನ್‌ಕಮ್ ಸರ್ಟಿಫಿಕೇಟಿಗೆ ಒಪ್ಪಲ್ಲ ಅಂಕಲ್."

ಇಪ್ಪತ್ತು ವರ್ಷ ಆಗಿದೆ. ಬೀದಿಗೆ ಕಾಂಕ್ರೀಟು ಬಂದಿದೆ, ಅದೇ ಮಾತು ಮಾತ್ರ ಹಾಗೇ ಇದೆ.

*

ಮುಂದಿನ ಭಾನುವಾರ ಬೆಳಗ್ಗೆ ಅವರ ಮನೆಗೆ ಹೋದೆ. ಅಣ್ಣ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಇದ್ದಾರೆ. ಹುಡುಗನ ರಾತ್ರಿ ಕೆಲಸದ ಸುದ್ದಿ ಎತ್ತಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಬರೀ ಸ್ಕಾಲರ್‌ಶಿಪ್ ವಿಷಯ ತೆಗೆದೆ. ಅಷ್ಟಕ್ಕೇ ಮುಖ ಕೆಂಪಾಯ್ತು.

"ಬುಡಪ್ಪ ಅತ್ಲಾಗೆ. ಆಫೀಸ್ ಮುಂದೆ ಕೈ ಒಡ್ಡಕ್ಕೆ ನಾನೇನು ಕೈಲಾಗ್ದೋನಾ? ನನ್ ಮಗನ್ನ ನಾನ್ ಓದಿಸ್ತೀನಿ."

ವಾದ ಮಾಡಿದ್ರೆ ಉಪಯೋಗ ಇಲ್ಲ ಅಂತ ಅಪ್ಪನಿಂದ ಕಲಿತಿದ್ದೆ. "ಅಣ್ಣ, ನಿಮ್ಮ ಹೋದ ಡಿಸೆಂಬರ್ ತಿಂಗಳ ಸಂಬಳದ ಚೀಟಿ ಇದ್ಯಾ?" ಅಂದೆ. ಅನುಮಾನದಲ್ಲೇ ಬೀರುವಿನಿಂದ ಫೈಲು ತಂದರು. ಪಿ.ಎಫ್., ಇ.ಎಸ್.ಐ. ಕೆಳಗೆ ಒಂದು ಚಿಲ್ಲರೆ ಮೊತ್ತದ ಕಡಿತ.

"ಇದೇನಣ್ಣ?"

"ಯಾವ್ದೋ ವೆಲ್‌ಫೇರು. ವರ್ಸಕ್ಕೊಂದ್ ಸತಿ ಹಿಡೀತಾರೆ. ಯಾವತ್ತೂ ಕೇಳಿಲ್ಲ."

ಅದು ಕಾರ್ಮಿಕ ಕಲ್ಯಾಣ ನಿಧಿ. 1965ರ ಕಾಯ್ದೆ. ಕಾರ್ಮಿಕನ ಸಂಬಳದಿಂದ ಒಂದು ಪಾಲು, ಮಾಲೀಕರಿಂದ ಒಂದು ಪಾಲು, ಸರ್ಕಾರದಿಂದ ಒಂದು ಪಾಲು. ಆ ದುಡ್ಡಲ್ಲಿ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡುತ್ತೆ. ಅಂಕ ಇಷ್ಟಿರಬೇಕು, ಸಂಬಳ ಇಷ್ಟರೊಳಗಿರಬೇಕು ಅಂತ ಷರತ್ತಿದೆ, ಅರ್ಜಿಗೆ ಕೊನೇ ದಿನಾಂಕ ಇದೆ. ಅಷ್ಟೇ.

"ಎಷ್ಟು ವರ್ಷ ಆಯ್ತಣ್ಣ ಸರ್ವೀಸು?"

"ಇಪ್ಪತ್ತೆರಡು."

"ಇಪ್ಪತ್ತೆರಡು ವರ್ಷದಿಂದ ನೀವು ಕಟ್ಟಿದ್ದೀರ. ಇನ್ಯಾರದೋ ಮಕ್ಕಳು ಅದರಲ್ಲಿ ಓದಿದ್ದಾರೆ. ಇದು ಭಿಕ್ಷೆ ಅಲ್ಲಣ್ಣ, ನಿಮ್ಮ ಚೀಟಿ ದುಡ್ಡು. ಎತ್ತಿಲ್ಲ ಅಷ್ಟೇ."

ಅಣ್ಣ ಚೀಟಿಯನ್ನೇ ನೋಡ್ತಾ ಕೂತರು. ಗಡಿಯಾರ ಟಿಕ್ ಟಿಕ್ ಅಂತಿತ್ತು. ಆಮೇಲೆ ಒಳಗೆ ತಿರುಗಿ, "ಏ, ಇವ್ನಿಗ್ ಕಾಫಿ ಕೊಡು" ಅಂದ್ರು. ನನಗೆ ಅಷ್ಟು ಸಾಕಾಗಿತ್ತು. ಆದರೆ ಕಾಫಿ ಕುಡೀತಿದ್ದಾಗ ಇನ್ನೊಂದು ಮಾತು ಹೇಳಿದರು, ಅದು ನನ್ನನ್ನ ಅಲ್ಲಾಡಿಸಿತು.

"ಅವ್ನು ರಾತ್ರಿ ಎಲ್ಗೋಯ್ತಾನೆ ಅಂತ ನಂಗೊತ್ತಿಲ್ಲ ಅಂದ್ಕೊಂಡಿದೀಯಾ? ಬೈಕಿನ್ ಸದ್ದು ಬರಗಂಟ ನಂಗ್ ನಿದ್ದೆ ಬರಲ್ಲ ಕಣಪ್ಪ."

*

ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ನಿಮ್ಮ ಬೀದಿಯಲ್ಲೂ ಒಬ್ಬ ಹುಡುಗನೋ ಹುಡುಗಿಯೋ ಇರ್ತಾರೆ, ಉಪಯೋಗಕ್ಕೆ ಬರಲಿ.

ಒಂದು: ದುಡಿಯೋಕೆ ಮೊದಲು, ಸಿಗಬೇಕಾದ್ದು ಏನಿದೆ ಕೇಳಿ. ನಾಡಕಚೇರಿಯಲ್ಲೋ ಕರ್ನಾಟಕ ಒನ್ ಕೇಂದ್ರದಲ್ಲೋ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಅದರ ಆರ್.ಡಿ. ಸಂಖ್ಯೆ ಇದ್ದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ, ಅಂದ್ರೆ ಎಸ್.ಎಸ್.ಪಿ.ಯಲ್ಲಿ, ಅರ್ಜಿ ಹಾಕಬಹುದು. ವರ್ಗಕ್ಕೊಂದು ಆದಾಯ ಮಿತಿ ಇದೆ. ಸಿಗುತ್ತೋ ಇಲ್ಲವೋ ಅಂತ ಮನೇಲಿ ಕೂತು ತೀರ್ಮಾನ ಮಾಡಬೇಡಿ, ಹಾಕಿ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿಗೇ ಹೋಗಿ ಕೇಳಿ. ಮಂಜೂರಾದ ದುಡ್ಡು ಅಲ್ಲೇ ಸಿಕ್ಕಿಕೊಳ್ಳೋದು ಬಹಳ. ಹೊರ ಊರಿಂದ ಬಂದು ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. 2013ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡ್ತಿದ್ದರು. ಮೈಸೂರಲ್ಲೇ ಮನೆ ಇರೋ ನಮ್ಮ ಹುಡುಗನಂಥವರಿಗೆ ಅದು ಬರಲ್ಲ. ಅಪ್ಪ ಅಮ್ಮ ಕಾರ್ಖಾನೆಯಲ್ಲಿದ್ರೆ ಮೇಲೆ ಹೇಳಿದ ಮಂಡಳಿ, ಗಾರೆ ಕೆಲಸದಲ್ಲಿದ್ದು ನೋಂದಣಿ ಆಗಿದ್ರೆ ಕಟ್ಟಡ ಕಾರ್ಮಿಕರ ಮಂಡಳಿ.

ಎರಡು: ಕಾಲೇಜಿನ ಹೊತ್ತು ಮತ್ತು ನಿದ್ದೆಯ ಹೊತ್ತು, ಇವೆರಡನ್ನ ಮಾರಬೇಡಿ. ಪೇಪರ್ ಹಾಕೋ ಕೆಲಸ ಕಷ್ಟ, ಆದರೆ ಆರೂವರೆಗೆ ಮುಗೀತಿತ್ತು, ನನ್ನ ಕ್ಲಾಸು ಮುಟ್ಟಲಿಲ್ಲ.

ಮೂರು: ಬರೋ ದುಡ್ಡು ನೋಡಬೇಡಿ, ಖರ್ಚು ಕಳೆದು ಗಂಟೆಗೆ ಎಷ್ಟು ಅಂತ ನೋಡಿ.

ನಾಲ್ಕು: ಕೈಲಿರೋ ವಿದ್ಯೆಯನ್ನ ಮಾರೋಕೆ ನೋಡಿ. ನನಗೆ ಕೊನೇ ವರ್ಷ ಕೈ ಹಿಡಿದದ್ದು ಕನ್ನಡ ಟೈಪಿಂಗು. ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಬರಹ, ನುಡಿ ಕಲಿತು ಪುಟಕ್ಕೆ ಎಂಟು ರೂಪಾಯಿಯಂತೆ ಪ್ರಬಂಧಗಳನ್ನ ಕುಟ್ಟಿದೆ. ಎಷ್ಟು ಜನರ ಪಿಎಚ್.ಡಿ.ಯಲ್ಲಿ ನನ್ನ ಅಕ್ಷರತಪ್ಪುಗಳಿವೆಯೋ ದೇವರೇ ಬಲ್ಲ! ನನ್ನ ಮೊದಲ ಕೆಲಸ ಸಿಕ್ಕಿದ್ದೂ ಅದರಿಂದ, ನಿಮಗೆಲ್ಲ ನಾನು ಇಲ್ಲಿ ತಲೆ ತಿನ್ನೋ ಹಾಗಾದದ್ದೂ ಅದರಿಂದ. ನಮ್ಮ ಹುಡುಗನಿಗೆ ಅಕೌಂಟೆನ್ಸಿ ಚೆನ್ನಾಗಿ ಬರುತ್ತೆ. ಪಿ.ಯು.ಸಿ. ಕಾಮರ್ಸ್ ಮಕ್ಕಳು ಮೂವರು ಸಿಕ್ಕಿದರೆ, ಒಬ್ಬರಿಗೆ 1,500ರಂತೆ 4,500. ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ. ಗಂಟೆಗೆ ನೂರೆಪ್ಪತ್ತರ ಮೇಲೆ ಬೀಳುತ್ತೆ, ಪೆಟ್ರೋಲಿಲ್ಲದೆ.

ಐದು: ಸುಲಭದ ದುಡ್ಡು ಅಂದ ಕೂಡಲೇ ಓಡಿಹೋಗಿ. ನಮ್ಮ ಕಾಲಕ್ಕೆ 'ಮನೇಲೇ ಕೂತು ಡೇಟಾ ಎಂಟ್ರಿ, ಮೊದಲು ಡಿಪಾಜಿಟ್ಟು ಕಟ್ಟಿ' ಅನ್ನೋರಿದ್ದರು. ನನ್ನ ಸ್ನೇಹಿತನೊಬ್ಬ ಎರಡು ಸಾವಿರ ಕಳಕೊಂಡ. ಈಗ 'ವಿಡಿಯೋಗೆ ಲೈಕ್ ಒತ್ತಿದ್ರೆ ದುಡ್ಡು' ಅಂತಾರೆ, ಮೊದಲೆರಡು ಸಲ ಕೊಟ್ಟು ಆಮೇಲೆ ನಿಮ್ಮಿಂದಲೇ ಕೀಳ್ತಾರೆ. ಅದಕ್ಕಿಂತ ಅಪಾಯದ್ದು ಇನ್ನೊಂದು. 'ನಿನ್ನ ಬ್ಯಾಂಕ್ ಖಾತೆ, ಎ.ಟಿ.ಎಂ. ಕಾರ್ಡು ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀವಿ' ಅಂತ ಕಾಲೇಜು ಹುಡುಗರನ್ನ ಹುಡುಕ್ಕೊಂಡು ಬರ್ತಾರೆ. ಯಾರನ್ನೋ ಮೋಸ ಮಾಡಿದ ದುಡ್ಡು ನಿಮ್ಮ ಖಾತೆಯಲ್ಲಿ ಓಡಾಡುತ್ತೆ, ಪೊಲೀಸರು ಮೊದಲು ಬರೋದು ನಿಮ್ಮ ಮನೆಗೆ. ಮೋಸ ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆರು: ಸಾಲ ಕೊನೆಗೆ. ಮಾಡಲೇಬೇಕಾದ್ರೆ ಬ್ಯಾಂಕಿನ ಶಿಕ್ಷಣ ಸಾಲ. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ಕಂತು ಶುರುವಾಗೋದು ಓದು ಮುಗಿದು ಸ್ವಲ್ಪ ಸಮಯ ಆದಮೇಲೆ. ಗಿರವಿ ಅಂಗಡಿ, ಮೊಬೈಲಲ್ಲಿ ಐದೇ ನಿಮಿಷಕ್ಕೆ ಸಾಲ ಕೊಡೋ ಆ್ಯಪು, ಇವುಗಳ ಕಡೆ ತಲೆ ಹಾಕಿ ಮಲಗಬೇಡಿ. ಓಲೆಯ ಕಥೆ ಹೇಳಿದ್ದೆನಲ್ಲ.

*

ಈಗ ಏನಾಯ್ತು ಅಂತೀರಾ? ಸಿನಿಮಾ ಥರ ಏನೂ ಆಗಿಲ್ಲ. ಅಣ್ಣ ಒಂದು ದಿನ ರಜಾ ಹಾಕಿ ಮಗನ ಜೊತೆ ನಾಡಕಚೇರಿಗೆ ಹೋಗಿಬಂದ್ರು. ಅರ್ಜಿ ಹೋಗಿದೆ, ದುಡ್ಡು ಬಂದಿಲ್ಲ, ಯಾವಾಗ ಬರುತ್ತೋ ಗೊತ್ತಿಲ್ಲ. ಟ್ಯೂಷನ್ನಿಗೆ ಮೂವರಲ್ಲಿ ಇಬ್ಬರು ಸಿಕ್ಕಿದ್ದಾರೆ. ಬೈಕಿನ ಕಂತು ಕಟ್ಟಲೇಬೇಕಲ್ಲ, ಅದಕ್ಕೆ ಶುಕ್ರವಾರ, ಶನಿವಾರ, ಭಾನುವಾರ ಮಾತ್ರ ಡೆಲಿವರಿ, ಅದೂ ಹತ್ತು ಗಂಟೆಯವರೆಗೆ. ಹಾಜರಿ ಅರವತ್ತೆಂಟಕ್ಕೆ ಹತ್ತಿದೆ. ಇನ್ನೂ ಏಳು ಬೇಕು. ಬೆಳಗಿನ ಕ್ಲಾಸು ತಪ್ಪಿಸದಿದ್ರೆ ಆಗಬಹುದು. ಆಗದೆಯೂ ಇರಬಹುದು.

ಮೊನ್ನೆ ಶುಕ್ರವಾರ ರಾತ್ರಿ ನಮ್ಮ ಎದುರು ಮನೆಗೆ ಪೊಟ್ಟಣ ತಂದಿದ್ದ. ನಾನು ಗೇಟಿನ ಹತ್ತಿರ ನಿಂತಿದ್ದೆ. ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ, ಬೆಲ್ ಒತ್ತಿದ. ಎದುರು ಮನೆ ಅಜ್ಜಿ ಬಾಗಿಲು ತೆಗೆದು, "ಅಯ್ಯೋ, ನೀನಾ ಮಗಾ? ಬಾ, ನೀರು ಕುಡ್ಕೊಂಡ್ ಹೋಗು" ಅಂದ್ರು. ಕುಡಿದ. ನನ್ನ ಕಡೆ ನೋಡಿ ನಕ್ಕು, "ಬರ್ತೀನಿ ಅಂಕಲ್" ಅಂದ.

ನಾನು ಸುಮ್ಮನೆ ಮಣಿಕಟ್ಟು ಉಜ್ಜಿಕೊಂಡೆ. ಇನ್ನು ಮೇಲೆ ಯಾರಾದ್ರೂ ಕೇಳಿದ್ರೆ ಪಟಾಕಿ ಅನ್ನಲ್ಲ, ಸಾರು ಅಂತಲೇ ಹೇಳ್ತೀನಿ.

ನೀವೂ ಓದುವಾಗ ಏನೇನು ಕೆಲಸ ಮಾಡಿದ್ರಿ? ಎಲ್ಲಿ ಮುಖ ಮುಚ್ಚಿಕೊಂಡ್ರಿ? ಹೇಳಿ, ನಾಚಿಕೆ ಬೇಡ :-)